ಪ್ರೇಮ ಕಾದಂಬರಿಯಲ್ಲಿ ಕಾಗೆ ಲೆಕ್ಕ

ವಿಧಿಯ ಕಥೆಯಿಂದ ಕಾಕತಾಳೀಯಗಳನ್ನು ಕಿತ್ತರೆ ಉಳಿಯುವುದೇನು ಎಂದು ನನ್ನ ಪ್ರೇಮ ಕಾದಂಬರಿಯ ಕರಡು ಓದಿದ ನಾಲ್ವರಲ್ಲಿ ಮೂವರು ಕೇಳಿದ್ದರು. ಬಹುಪಾಲು ಕಿತ್ತೆ. ನಾಲ್ಕನೇ ಕರಡು, ಸುಮಾರು 78,000 ಪದ, ಪ್ರಕಾಶಕರು ಒಪ್ಪಿದರು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುವಂಥ ಪ್ರಸಂಗಕ್ಕೆ ನಾನು ಬರೀ ‘ಕಾಗೆ’ ಎನ್ನುತ್ತೇನೆ. ಮೊದಲ ಕರಡಿನಲ್ಲಿ ಹನ್ನೊಂದೋ ಹನ್ನೆರಡೋ ಇದ್ದವು: ಒಂದೇ ಬೋಗಿ, ಅದಲುಬದಲಾದ ಚೀಲ, ತಡವಾಗಿ ಸಿಕ್ಕ ಪತ್ರ, ಕೊನೆಗೊಂದು ಆಸ್ಪತ್ರೆ. ಈಗ ಮೂರು. ಕಾಗೆ ಇಬ್ಬರನ್ನು ಎದುರುಬದುರು ತರಬಹುದು, ಗಂಟು ಬಿಗಿಯಬಹುದು, ಗಂಟು ಬಿಡಿಸಬಾರದು. ಕೊನೆಯ ಕಾಗೆ ಪುಸ್ತಕದ ಅರ್ಧಕ್ಕೆ ಮುಂಚೆಯೇ ಹಾರಿಹೋಗಿರಬೇಕು. ನನ್ನ 40 ಅಧ್ಯಾಯಗಳಲ್ಲಿ ಅವು ಕೂತಿರುವುದು 1, 7 ಮತ್ತು 19ರಲ್ಲಿ.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದೆ. ಕಾಗೆ, ಅದರ ಬೆನ್ನಿಗೆ ಪಾತ್ರ ತೆಗೆದುಕೊಂಡ ತೀರ್ಮಾನ, ಅದಕ್ಕೆ ತೆತ್ತದ್ದು. ಮೂರನೇ ಕಾಲಂ ಖಾಲಿ ಉಳಿದರೆ ಅದು ತೀರ್ಮಾನವಲ್ಲ, ತಲೆಯಾಟ. ಎರಡು ಸಾವಿರ ಪದದೊಳಗೆ ತೀರ್ಮಾನ ಬಾರದಿದ್ದರೆ ಓದುಗರು ಎಲ್ಲವನ್ನೂ ವಿಧಿಯ ಖಾತೆಗೇ ಜಮಾ ಮಾಡಿಬಿಡುತ್ತಾರೆ.

ಇಷ್ಟಾದರೂ ಎರಡನೇ ಕರಡು ಮಲಗಿತು. ನಾಯಕಿ ಬಿಟ್ಟುಬರುವ ಗಂಡಸನ್ನು ಸಿಡುಕ, ಸುಳ್ಳುಗಾರ ಮಾಡಿದ್ದೆ. ಅಂಥವನನ್ನು ಬಿಡಲು ಆಯ್ಕೆ ಯಾಕೆ ಬೇಕು, ಕಾಲಿದ್ದರೆ ಸಾಕು. ಅವನಿಗೆ ತಾಳ್ಮೆ ಕೊಟ್ಟೆ, ನಗು ಕೊಟ್ಟೆ, ಪುಸ್ತಕದ ಅತ್ಯುತ್ತಮ ಮಾತನ್ನೂ ಕೊಟ್ಟೆ. ನಾಯಕನಿಂದ ಒಂದೆರಡು ಒಳ್ಳೆಯ ಗುಣ ಕಿತ್ತುಕೊಂಡೆ. ಹದಿನಾಲ್ಕು ಸಾವಿರ ಪದದಷ್ಟು ಮರುಬರಹ. ಈಗಲೂ ಒಬ್ಬರು ಆಕೆ ತಪ್ಪು ಮಾಡಿದಳು ಎಂದೇ ವಾದಿಸುತ್ತಾರೆ. ನನಗೆ ಬೇಕಿದ್ದದ್ದು ಅದೇ.

ದುಡ್ಡಿನ ವಿಷಯ. ಕಥೆಯ ಚೌಕಟ್ಟು ಕೂರುವ ಮುನ್ನವೇ ಕಾಸು ಕೊಟ್ಟು ಭಾಷೆ ತಿದ್ದಿಸಿದ್ದು ಶುದ್ಧ ನಷ್ಟ. ತಿದ್ದಿಸಿದ ಪುಟಗಳಲ್ಲಿ ಮೂರರಲ್ಲೊಂದು ಪಾಲು ಕಸಕ್ಕೆ ಹೋಯಿತು; ಪ್ರಕಾಶಕರ ಮುಂಗಡ ಆ ಖರ್ಚು ತುಂಬಿಕೊಳ್ಳಲಷ್ಟೇ ಸಾಕಾಯಿತು. ಮೂರನೇ ಕರಡಿನ ತನಕ ಕಾಸು ಬಿಚ್ಚಬೇಡಿ.

ನಡುವೆ ಒಂದು ಚಪಲ: ಇಬ್ಬರೂ ಭೇಟಿಯಾದ ಬದುಕು, ಆಗದ ಬದುಕು, ಒಂದು ಬಿಟ್ಟು ಒಂದು ಅಧ್ಯಾಯ. ಒಂದನ್ನು ವರ್ತಮಾನದಲ್ಲಿ, ಇನ್ನೊಂದನ್ನು ಭೂತಕಾಲದಲ್ಲಿ ಬರೆದರೂ ಆರನೇ ಅಧ್ಯಾಯದ ಹೊತ್ತಿಗೆ ಓದುವವರು ದಾರಿ ತಪ್ಪಿದರು. ಅದಕ್ಕಿಂತ ಕೆಟ್ಟದ್ದು, ಎರಡು ಬದುಕೂ ಬರೆದಿಟ್ಟಿದ್ದರೆ ಯಾವ ತೀರ್ಮಾನಕ್ಕೂ ತೂಕವಿರುವುದಿಲ್ಲ. ಒಂಬತ್ತು ಅಧ್ಯಾಯ ಪೆಟ್ಟಿಗೆ ಸೇರಿದವು. ಅದರಿಂದ ಉಳಿದದ್ದು ಒಂದು ಬಸ್ ಪ್ರಯಾಣದ ದೃಶ್ಯ ಮಾತ್ರ.

ವಿಧಿಯನ್ನು ನಂಬುವ ಪಾತ್ರದ ಕೈಯಲ್ಲೇ ಹೆಚ್ಚು ತೀರ್ಮಾನ ಮಾಡಿಸಿ, ನಂಬದವನನ್ನು ಕಾಯಲು ಕೂರಿಸಿ. ನನ್ನಲ್ಲಿ ಆಕೆಯದು ಒಂಬತ್ತು, ಅವನದು ನಾಲ್ಕು. ಆಗ ಇಬ್ಬರೂ ಭಾಷಣ ಬಿಗಿಯುವುದಿಲ್ಲ. ‘ಋಣಾನುಬಂಧ’ ಎಂಬ ಪದ ಮೂವತ್ತು ಕಡೆ ಇತ್ತು, ಮೂರಕ್ಕೆ ಇಳಿಸಿದೆ. ಮೂರನೆಯದನ್ನು ಯಾರ ಬಾಯಿಂದ ಆಡಿಸಿದೆ ಎಂಬುದೇ ಕೊನೆಯ ಅಧ್ಯಾಯದ ಕೀಲಿ. ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಮುಕ್ತಾಯದಲ್ಲಿ ಮೊದಲು ಮಳೆ, ನಿಲ್ದಾಣ, ಆಕಸ್ಮಿಕ ಭೇಟಿ ಇತ್ತು. ಈಗ ಆಕೆ ಫೋನ್ ಮಾಡಿ ಎಲ್ಲಿದ್ದೀಯ ಎಂದು ಕೇಳುತ್ತಾಳೆ, ಕೆಲಸ ಬಿಟ್ಟು ಬಸ್ ಹತ್ತುತ್ತಾಳೆ, ಎರಡು ಗಂಟೆ ತಡವಾಗಿ ಇಳಿಯುತ್ತಾಳೆ. ಮಳೆಯನ್ನು ಮಾತ್ರ ಉಳಿಸಿಕೊಂಡೆ. ಅದನ್ನು ಕಾಗೆ ಲೆಕ್ಕಕ್ಕೆ ಹಿಡಿದಿಲ್ಲ.