ನೋವು ನಿಂತ ಹಲ್ಲು

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಹಲ್ಲಿನ ಕ್ಲಿನಿಕ್. ಬೇಸಿಗೆ ಭತ್ತದ ಕೊಯ್ಲು ಜೋರಾಗಿದ್ದಾಗ ಹಮಾಲರೊಬ್ಬರು ಬಂದರು. ತಲೆಯಿಂದ ಗದ್ದದವರೆಗೆ ಟವೆಲ್ ಬಿಗಿದಿದ್ದರು.

"ಹಲ್ಲು ನೋವಿಲ್ರಿ ಡಾಕ್ಟರೇ, ತಲಿ ಸಿಡಿಯಾಕತ್ತೈತಿ. ಮನ್ಯಾಗ ಬೈದು ಕಳಿಸ್ಯಾರ."

75 ಕೆಜಿ ಚೀಲ ಹೊರುವವರು, ಅದೂ ಆ ಬಿಸಿಲಲ್ಲಿ. ತಲೆನೋವಿಗೆ ಬೇರೆ ಕಾರಣ ಯಾರು ಹುಡುಕುತ್ತಾರೆ? ಎರಡು ವಾರ ಮಾತ್ರೆ ನುಂಗಿದ್ದರು. ಕಣ್ಣನ್ನೂ ತೋರಿಸಿ ಬಂದಿದ್ದರು.

ಟವೆಲ್ ಬಿಚ್ಚಿದರೆ ಬಲಗಡೆ ಕೆಳದವಡೆ ಊದಿತ್ತು, ಮುಟ್ಟಿದರೆ ಬಿಸಿ. ಮೊದಲು ನಾಲಿಗೆ ಎತ್ತಿಸಿ ಅಡಿಯಲ್ಲಿ ನೋಡಿದೆ. ಅಲ್ಲೂ ಊತ ಇದ್ದು, ನುಂಗೋಕೆ, ಉಸಿರಾಡೋಕೆ ಕಷ್ಟ ಅಂದಿದ್ದರೆ ನಾನು ಕೈ ಹಾಕುತ್ತಲೇ ಇರಲಿಲ್ಲ. ಸೀದಾ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಿದ್ದೆ. ಪುಣ್ಯಕ್ಕೆ ಹಾಗಿರಲಿಲ್ಲ.

"ಹಿಂದೆ ಈ ಕಡೆ ಹಲ್ಲು ನೋಯ್ತಿತ್ತಾ?"

"ಯುಗಾದಿ ಹೊತ್ತಿಗೆ ನೋಯ್ತಿತ್ರಿ. ಲವಂಗ ಇಟ್ಟೆ, ತಾನ ಹೋತು."

ಈ 'ತಾನ ಹೋತು' ಕೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಹುಳುಕು ಹಲ್ಲಿನೊಳಗಿನ ನರಕ್ಕೆ ಮುಟ್ಟಿದಾಗ ನೋವು ಜೀವ ಹಿಂಡುತ್ತದೆ. ಆಮೇಲೆ ನರ ಸಾಯುತ್ತದೆ, ನೋವು ನಿಲ್ಲುತ್ತದೆ. ಸೋಂಕು ಮಾತ್ರ ಸದ್ದಿಲ್ಲದೆ ಬೇರಿನ ತುದಿಗೆ ಇಳಿದು ಕೀವು ಕಟ್ಟುತ್ತದೆ.

ಬಾಯಿ ಎರಡು ಬೆರಳಷ್ಟೇ ತೆರೆಯಿತು. ಸಾಮಾನ್ಯವಾಗಿ ಮೂರು ಹಿಡಿಯಬೇಕು. ಕೆಳಗಿನ ದವಡೆಹಲ್ಲಲ್ಲಿ ಕಪ್ಪು ಗುಂಡಿ. ಐಸ್ ಮುಟ್ಟಿಸಿದರೆ ಏನೂ ಗೊತ್ತಾಗಲಿಲ್ಲ. ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿದೆ ನೋಡಿ, ಕುರ್ಚಿಯಿಂದ ಎದ್ದೇಬಿಟ್ಟರು. ಕೈ ಹೋಗಿದ್ದು ಹಲ್ಲಿಗಲ್ಲ, ಕಣತಲೆಗೆ! ಹಲ್ಲು, ದವಡೆ, ಕಣತಲೆ ಮೂರರ ಸುದ್ದಿಯನ್ನೂ ಒಯ್ಯುವುದು ಮುಖದ ಒಂದೇ ದೊಡ್ಡ ನರ. ಮಿದುಳಿಗೂ ವಿಳಾಸ ತಪ್ಪುತ್ತದೆ.

ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಡಲೆಕಾಳಿನಷ್ಟು ಕಪ್ಪು ಮಚ್ಚೆ. ಕೀವಿರುವ ಜಾಗದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ. ಅದಕ್ಕೇ ಹಿಂದಕ್ಕೆ, ನರದ ಬುಡದ ಹತ್ತಿರ ಕೊಟ್ಟು ಕಾದೆ. ಹಲ್ಲಿನ ನೆತ್ತಿ ಕೊರೆದದ್ದೇ ತಡ, ಕೀವು ಉಕ್ಕಿತು. ಆ ವಾಸನೆಯ ಮಾತು ಬೇಡ ಬಿಡಿ. "ತಲಿ ಹಗುರಾತ್ರಿ" ಅಂದರು. ಇಂಜೆಕ್ಷನ್ ಪ್ರಭಾವ ಇರಬಹುದು ಅಂತ ನಾನು ಪೂರ್ತಿ ನಂಬಲಿಲ್ಲ. ಮರುದಿನವೂ ಅದೇ ಮಾತು ಹೇಳಿದಾಗ ಸಮಾಧಾನವಾಯಿತು. ಜ್ವರ ಇದ್ದದ್ದಕ್ಕೆ ಆಂಟಿಬಯಾಟಿಕ್ ಕೊಟ್ಟಿದ್ದೆ. ಬರೀ ಮಾತ್ರೆಗೆ ಇದು ಹೋಗಲ್ಲ, ಮೂರು ಸಲ ಕರೆಸಿ ರೂಟ್ ಕೆನಾಲ್ ಮುಗಿಸಿದೆ. ಮನೆಯಲ್ಲಿ ಉಪ್ಪಿನ ಗಂಟು ಬಿಸಿ ಮಾಡಿ ಗಲ್ಲಕ್ಕೆ ಶಾಖ ಕೊಡ್ತಿದ್ದರಂತೆ. ಅದನ್ನು ನಿಲ್ಲಿಸಿದೆ, ಕೀವು ಚರ್ಮದ ಕಡೆಗೆ ಬಂದು ಒಡೆಯಬಹುದು.

ಹೀಗೆಂದು ಎಲ್ಲ ತಲೆನೋವನ್ನೂ ಹಲ್ಲಿನ ತಲೆಗೆ ಕಟ್ಟಬಾರದು. ಶುರುವಿನ ವರ್ಷಗಳಲ್ಲಿ ನಾನು ಕಟ್ಟಿದ್ದೆ. ಕಾರಟಗಿ ಕಡೆಯ ಟೀಚರಮ್ಮ ಒಬ್ಬರಿಗೆ ಬೆಳಗ್ಗೆ ಎದ್ದರೆ ಕಣತಲೆ ನೋವು, ದವಡೆ ಬಿಗಿತ. ನಾನು ಹಳೇ ಸಿಮೆಂಟ್ ತೆಗೆದು ಹೊಸದು ತುಂಬಿದೆ. ಒಂದಿಷ್ಟೂ ಕಡಿಮೆಯಾಗಲಿಲ್ಲ. ಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿದ್ದು ನನ್ನ ಕಣ್ಣೆದುರೇ ಇತ್ತು. ಎರಡನೇ ಸಲ ಜೊತೆಗೆ ಬಂದ ಮಗಳು ಸುಮ್ನೆ ಕೂತವಳು ಹೇಳಿದಳು: "ಅಮ್ಮ ರಾತ್ರಿ ನಿದ್ದ್ಯಾಗ ಹಲ್ಲು ಕಟಕಟ ಕಡೀತಾಳ್ರಿ." ನಾನು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.