ಭಾಟಘರದ ಹಿನ್ನೀರಿಗೆ ನಡೆದು ಹೋಗಿ ಗಾಳ ಹಾಕಿದ ನನ್ನ ಅನುಭವ

ಪುಣೆಯ ಸುತ್ತಲಿನ ಸಹ್ಯಾದ್ರಿಯಲ್ಲಿ ನಮ್ಮ ಕಣ್ಣಿಗೆ ಕೆರೆಗಳಂತೆ ಕಾಣುವುದರಲ್ಲಿ ಬಹುಪಾಲು ಅಣೆಕಟ್ಟುಗಳ ಹಿನ್ನೀರು. ಹಿನ್ನೀರಿಗೆ ನಿಂತ ದಂಡೆ ಎಂಬುದಿಲ್ಲ. ಮಳೆಗಾಲದ ಕೊನೆಗೆ ಹುಲ್ಲಿನ ಅಂಚನ್ನು ಮುಟ್ಟಿದ ನೀರು ಬೇಸಗೆಯ ಹೊತ್ತಿಗೆ ಅಗಲವಾದ ಕೆಸರುಪಟ್ಟಿಯನ್ನು ಬಿಟ್ಟು ಬಹಳ ಹಿಂದೆ ಸರಿದಿರುತ್ತದೆ. ನಾನು ಬಾಗಲಕೋಟೆಯವನು; ಆಲಮಟ್ಟಿಯ ಹಿನ್ನೀರು ನಮ್ಮ ಹಳೆಯ ಊರಿನ ಓಣಿಗಳನ್ನು ಸೇರಿದ್ದನ್ನೂ ವರ್ಷವರ್ಷ ಏರಿ ಇಳಿಯುವುದನ್ನೂ ನೋಡಿದವನು. ಆದ್ದರಿಂದ ಹೆಂಡತಿ, ಮಗಳು, ಮಗ ಮತ್ತು ಹೆಂಡತಿಯ ತಮ್ಮನೊಂದಿಗೆ ರಾಜಗಡ ಕೋಟೆಯನ್ನು ದಾಟಿ ಭುತೋಂಡೆ ಎಂಬ ಹಳ್ಳಿಯ ಬಳಿ ಭಾಟಘರದ ಹಿನ್ನೀರಿಗೆ ಇಳಿದು, ಅಲ್ಲಿ ಉಳಿದು ಮೀನು ಹಿಡಿಯಬೇಕೆಂದು ನಿಶ್ಚಯಿಸಿದಾಗ, ದಾರಿ, ದಿನ, ಹೊರೆ, ಗಾಳ ಎಲ್ಲವನ್ನೂ ನೀರಿನ ಮಟ್ಟಕ್ಕೆ ಹೊಂದಿಸಿಯೇ ಯೋಜಿಸಿದೆ.

ಭೋರ್ ತಾಲ್ಲೂಕಿನಲ್ಲಿ ವೇಳವಂಡಿ ನದಿಗೆ ಅಡ್ಡಲಾಗಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಭಾಟಘರ ಅಣೆಕಟ್ಟಿಗೆ ಲಾಯ್ಡ್ ಅಣೆಕಟ್ಟು ಎಂಬ ಹೆಸರೂ ಇದೆ. ಇಲ್ಲಿ ತುಂಬಿದ ನೀರು ನೀರಾ ನದಿಯ ಮೂಲಕ ಕಾಲುವೆಗಳಿಗೆ ಸೇರಿ ಬಾರಾಮತಿ, ಇಂದಾಪುರದ ಕಬ್ಬಿನ ಹೊಲಗಳವರೆಗೆ ಹೋಗುತ್ತದೆ. ಮಳೆ ನಿಂತ ಮೇಲೆ ಕಾಲುವೆಗೆ ಬಿಡುಗಡೆ ಆರಂಭವಾಗಿ ಮಟ್ಟ ಮೆಲ್ಲಗೆ ಇಳಿಯತೊಡಗುತ್ತದೆ. ನಾವು ಡಿಸೆಂಬರನ್ನು ಆರಿಸಿಕೊಂಡದ್ದು ಈ ಲೆಕ್ಕದಿಂದಲೇ. ಆಗ ನೀರು ಸಾಕಷ್ಟು ಎತ್ತರದಲ್ಲಿರುತ್ತದೆ, ದಂಡೆಯ ಮಣ್ಣು ಕಾಲು ಹೂಳದಷ್ಟು ಗಟ್ಟಿಯಾಗಿರುತ್ತದೆ, ಹಳ್ಳಗಳ ಬಾಯಲ್ಲಿ ಇನ್ನೂ ಸಣ್ಣಗೆ ನೀರು ಹರಿಯುತ್ತಿರುತ್ತದೆ. ಏಪ್ರಿಲ್‌ನಲ್ಲಿ ಅದೇ ಜಾಗಕ್ಕೆ ಮಕ್ಕಳನ್ನು ಕರೆದೊಯ್ದರೆ ನೀರು ಮುಟ್ಟುವ ಮೊದಲೇ ಬಿಸಿಲು ಮತ್ತು ಕೆಸರು ಅವರನ್ನು ದಣಿಸಿಬಿಡುತ್ತವೆ.

ಬಾಡಿಗೆ ಜೀಪಿನಲ್ಲಿ ಖಡಕವಾಸಲಾ, ಪಾಬೆ ಘಾಟ್ ಮಾರ್ಗವಾಗಿ ಪಾಲಿ ಗ್ರಾಮಕ್ಕೆ ಹೋದೆವು. ಖಡಕವಾಸಲಾದಲ್ಲಿ ಜೀಪು ನಿಲ್ಲಿಸಿ, 1903ರಲ್ಲಿ ಈ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದವರು ಆಗ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಸರ್ ಎಂ. ವಿಶ್ವೇಶ್ವರಯ್ಯನವರೆಂದು ಮಕ್ಕಳಿಗೆ ಹೇಳಿದೆ. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರನ್ನು ಹಿಡಿದಿಟ್ಟು, ಪ್ರವಾಹ ಬಂದಾಗ ತಾನಾಗಿ ತೆರೆದುಕೊಳ್ಳುವ ಆ ಬಾಗಿಲುಗಳ ಮಾತು, ಜಲಾಶಯದ ಮಟ್ಟವನ್ನು ಮನುಷ್ಯರು ನಿರ್ಧರಿಸುತ್ತಾರೆ ಎಂಬುದನ್ನು ಅವರಿಗೆ ನನ್ನ ಯಾವ ವಿವರಣೆಗಿಂತಲೂ ಚೆನ್ನಾಗಿ ತಿಳಿಸಿತು.

ಹೊರೆಯ ಬಗ್ಗೆ ನಾನು ಕಟ್ಟುನಿಟ್ಟು. ಮಕ್ಕಳ ಚೀಲ ಅವರ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದು. ಅದರಲ್ಲಿ ಅವರ ನೀರು, ಸ್ವೆಟರ್, ಟಾರ್ಚ್ ಮಾತ್ರ. ಗುಡಾರ, ಚಿಕ್ಕ ಗ್ಯಾಸ್ ಒಲೆ, ಮಲಗುವ ಚೀಲಗಳು, ಮಕ್ಕಳ ತೇಲುಜಾಕೆಟ್‌ಗಳು ಇವೆಲ್ಲ ನಮ್ಮ ಮೂವರ ಹೆಗಲಿಗೆ. ಆಹಾರದ ವಿಷಯದಲ್ಲಿ ನಮ್ಮ ಕಡೆಯ ಅಡುಗೆಮನೆಗೆ ಸಾಟಿಯಿಲ್ಲವೆಂದು ನಾನು ನಂಬುತ್ತೇನೆ: ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹಚ್ಚಿದ ಅವಲಕ್ಕಿ, ಬೆಲ್ಲ. ಇವು ಹಗುರ, ಕೆಡುವುದಿಲ್ಲ, ಬೇಯಿಸಬೇಕಾಗಿಲ್ಲ. ಸಿಗುವ ಮೀನನ್ನು ನೆಚ್ಚಿ ಮಕ್ಕಳ ರಾತ್ರಿಯೂಟವನ್ನು ಯೋಜಿಸಬಾರದು. ಮೀನು ಸಿಕ್ಕರೆ ರೊಟ್ಟಿಗೆ ನಂಜಿಕೊಳ್ಳಲಿಕ್ಕಾಯಿತು, ಸಿಗದಿದ್ದರೆ ಚಟ್ನಿಪುಡಿ ಇದ್ದೇ ಇದೆ.

ಪಾಲಿಯಿಂದ ಮೇಲೇರುವ ದಾರಿ ರಾಜಗಡದ ಹಳೆಯ ರಾಜಮಾರ್ಗ. ಮೆಟ್ಟಿಲುಗಳಿರುವುದರಿಂದ ಮಕ್ಕಳಿಗೆ ಹಿತ. ಅತಿ ನಿಧಾನವಾಗಿ ನಡೆಯುವ ಮಗನನ್ನೇ ಮುಂದೆ ಬಿಟ್ಟು ಉಳಿದವರು ಅವನ ಹಿಂದೆ ನಡೆದೆವು. ಕೋಟೆಯನ್ನು ಸೇರಿದ ಮೇಲೆ ಸಂಜೀವನಿ ಮಾಚಿ ಎಂಬ ಚಾಚು ತಟ್ಟಿನ ಮೇಲೆ ನಾವು ಬಹಳ ಹೊತ್ತು ಕುಳಿತದ್ದು ದಣಿವಾರಿಸಿಕೊಳ್ಳಲು ಮಾತ್ರವಲ್ಲ. ಅಲ್ಲಿಂದ ದಕ್ಷಿಣಕ್ಕೆ ಭಾಟಘರದ ಹಿನ್ನೀರು ಬೆಟ್ಟಗಳ ಸಂದಿಗಳಲ್ಲಿ ಕೈಚಾಚಿ ಮಲಗಿರುವುದು ಕಾಣುತ್ತದೆ, ಮತ್ತು ದಂಡೆಗಿಳಿದ ಮೇಲೆ ತಿಳಿಯದ ಎಷ್ಟೋ ಸಂಗತಿಗಳು ಆ ಎತ್ತರದಿಂದ ಓದಲು ಸಿಗುತ್ತವೆ. ಮಗಳ ಕೈಗೆ ದುರ್ಬೀನು ಕೊಟ್ಟು ಮೂರು ವಿಷಯಗಳನ್ನು ಹುಡುಕಲು ಹೇಳಿದೆ: ಹಳ್ಳ ಬಂದು ಸೇರುವ ಮೂಲೆ, ನೀರಿನಂಚಿನ ಮಸುಕು ಕೆಸರುಪಟ್ಟಿ ಕಿರಿದಾಗಿರುವ ಜಾಗ, ಗಾಳಿ ತಳ್ಳಿದ ತೆರೆಗಳು ಬಡಿಯುವ ದಂಡೆ. ಹಳ್ಳದ ಬಾಯಲ್ಲಿ ತಾಜಾ ನೀರಿನೊಂದಿಗೆ ಹುಳುಹುಪ್ಪಟೆ ಬಂದು ಬೀಳುತ್ತವೆ. ಗಾಳಿ ಎದುರಾಗುವ ದಂಡೆಯಲ್ಲಿ ತೇಲುವ ತಿನಿಸು ಒಟ್ಟುಗೂಡುತ್ತದೆ. ಕೆಸರುಪಟ್ಟಿ ಕಿರಿದೆಂದರೆ ಅಲ್ಲಿ ದಂಡೆ ಕಡಿದಾಗಿ ಇಳಿದು ಆಳ ಹತ್ತಿರವಿದೆ ಎಂದರ್ಥ. ಹಳ್ಳದ ಬಾಯಿಯೂ ಎದುರುಗಾಳಿಯೂ ಇರುವ, ಆದರೆ ಕೆಸರುಪಟ್ಟಿ ಕಿರಿದಾಗಿರದ ಮೂಲೆಯೊಂದನ್ನು ಆರಿಸಿದೆವು. ಆಳ ಹತ್ತಿರವಿರುವಲ್ಲಿ ದೊಡ್ಡ ಮೀನು ಇರಬಹುದು, ಆದರೆ ಮಕ್ಕಳು ಕಾಲಿಡುವ ದಂಡೆ ಇಳಿಜಾರಾಗಿ ಮೆಲ್ಲಗೆ ನೀರಿಗಿಳಿಯಬೇಕು. ಈ ವಿಷಯದಲ್ಲಿ ನಾನು ಯಾವ ಮೀನಿಗೂ ರಾಜಿಯಾಗಲಾರೆ.

ಕೋಟೆಯ ಆಳೂ ದರವಾಜೆ ಎಂಬ ಬಾಗಿಲಿನಿಂದ ಭುತೋಂಡೆಯ ಕಡೆಗೆ ಇಳಿಯುವ ದಾರಿ ಕಡಿದು, ಒಣಹುಲ್ಲಿನ ಮೇಲೆ ಕಾಲು ಜಾರುತ್ತದೆ. ಊರುಗೋಲು ಬೇಕು, ಬಿಸಿಲಿಳಿಯುವ ಮೊದಲೇ ಮುಗಿಸಬೇಕು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಊರು ತಲುಪಿದ ಕೂಡಲೇ ಮಾಡಬೇಕಾದ ಕೆಲಸ ಅನುಮತಿ ಕೇಳುವುದು. ಮಹಾರಾಷ್ಟ್ರದ ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಕಾಟ್ಲಾ, ರೋಹುಗಳ ಮರಿಗಳನ್ನು ಬಿಟ್ಟು ಬೆಳೆಸುವುದು ಅವರ ಜೀವನೋಪಾಯ. ಬಲೆ ತೆಗೆಯುತ್ತಿದ್ದ ಹಿರಿಯರೊಬ್ಬರನ್ನು ಕಂಡು, “ಕಾಕಾ, ಮಕ್ಕಳಿಗೆ ಗಾಳ ಹಾಕುವುದನ್ನು ಕಲಿಸಬೇಕಾಗಿದೆ, ಊಟಕ್ಕಾಗುವಷ್ಟೇ ಹಿಡಿಯುತ್ತೇವೆ” ಎಂದು ಮರಾಠಿಯಲ್ಲಿ ಕೇಳಿಕೊಂಡೆ. ಅವರು ಒಪ್ಪಿದ್ದಲ್ಲದೆ, ತಮ್ಮ ಬಲೆಗಳಿರುವ ಜಾಗವನ್ನೂ ನೀರಿನಡಿ ಮರದ ಬೊಡ್ಡೆಗಳಿರುವ ಕಡೆಯನ್ನೂ ತೋರಿಸಿದರು. ಗುಡಾರವನ್ನು ಅವರ ಸಂಬಂಧಿಕರ ಹೊಲದ ಬದುವಿನಲ್ಲಿ, ನೀರಿನಿಂದ ದೂರ ಎತ್ತರದಲ್ಲಿ ಹಾಕಿದೆವು.

ನೀರು ಇಳಿದ ಕೆಸರಿನ ಮೇಲೆ ತಟ್ಟೆಯಷ್ಟಗಲದ ದುಂಡನೆಯ ಗುಳಿಗಳು ಸಾಲುಸಾಲಾಗಿದ್ದವು. ಅವೇನೆಂದು ಮಗ ಕೇಳಿದ. ಅವು ತಿಲಾಪಿಯಾ ಮೀನಿನ ಗೂಡುಗಳು. ಇಲ್ಲಿ ಚಿಲಾಪಿ ಎಂದೂ ನಮ್ಮ ಕಡೆ ಜಿಲೇಬಿ ಎಂದೂ ಕರೆಯುವ ಈ ಆಫ್ರಿಕಾ ಮೂಲದ ಮೀನನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಗಂಡು ಮೀನು ಆಳವಿಲ್ಲದ ತಳದಲ್ಲಿ ಗುಳಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಅವನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಗುಳಿಗಳು ಕಂಡ ಮೇಲೆ ಜಾಗದ ಬಗ್ಗೆ ನನಗೆ ಸಂಶಯ ಉಳಿಯಲಿಲ್ಲ. ಸ್ಥಳೀಯ ಮೀನುಗಳ ಜಾಗವನ್ನು ಆಕ್ರಮಿಸುವ ಈ ಮೀನನ್ನು ಹಿಡಿದು ತಿನ್ನುವುದರಲ್ಲಿ ನನಗೆ ಹಿಂಜರಿಕೆಯೂ ಇಲ್ಲ.

ಮಕ್ಕಳಿಗೆ ರೀಲು ಕೊಡಲಿಲ್ಲ. ಮಡಚಿ ಚೀಲದಲ್ಲಿಡಬಹುದಾದ ಹಗುರವಾದ ಕೋಲು, ತುದಿಗೆ ಕೋಲಿನಷ್ಟೇ ಉದ್ದದ ತೆಳು ನೈಲಾನ್ ದಾರ, ಸಣ್ಣ ಬೆಂಡು, ಒಂದು ಕಾಳಿನಷ್ಟು ಸೀಸ, ಚಿಕ್ಕ ಗಾಳ. ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದೆ. ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ, ಮೀನನ್ನು ಗಾಯವಿಲ್ಲದೆ ಬಿಡಲೂ ಅನುಕೂಲ. ಎರೆಹುಳುವಿನ ಜೊತೆಗೆ ರಾಗಿ ಹಿಟ್ಟಿನ ಉಂಡೆಯನ್ನೂ ಒಯ್ದಿದ್ದೆ. ಕಾವೇರಿಯಲ್ಲಿ ಮಹಶೀರ್ ಎಂಬ ದೊಡ್ಡ ಹೊಳೆಮೀನಿಗಾಗಿ ಗಾಳ ಹಾಕುತ್ತಿದ್ದವರು ಮೆಚ್ಚಿದ ತಿನಿಸಿದು: ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಆರಿದ ಮೇಲೆ ಚೆನ್ನಾಗಿ ನಾದಿದರೆ ನೀರಿನಲ್ಲಿ ಬೇಗ ಕರಗುವುದಿಲ್ಲ. ಚಳಿಗಾಲದಲ್ಲಿ ನಸುಕಿನಲ್ಲೇ ಎದ್ದು ನಡುಗುತ್ತ ಕುಳಿತುಕೊಳ್ಳಬೇಕಾಗಿಲ್ಲ. ಬಿಸಿಲೇರಿ ದಂಡೆಯ ನೀರು ಬೆಚ್ಚಗಾದಾಗ ತಿಲಾಪಿಯಾ ಅಂಚಿಗೆ ಬರುತ್ತದೆ. ಬೆಂಡು ನಡುಗಿದ ಕೂಡಲೇ ಎಳೆಯದೆ, ಅದು ಓರೆಯಾಗಿ ಜಾರಿ ಮುಳುಗುವವರೆಗೆ ಕಾಯುವುದನ್ನು ಮಗಳು ಬೇಗ ಕಲಿತಳು. ಮೊದಲ ಮೀನು ಅವಳದೇ.

ನನ್ನ ಕೋಲಿಗೆ ಒಂದು ಪುಟ್ಟ ಮಹಶೀರ್ ಬಂತು. ಈ ಜಾತಿಯನ್ನು ಸೈಕ್ಸ್ ಎಂಬ ಸೇನಾಧಿಕಾರಿ ಪುಣೆಯ ಮುಳಾ-ಮುಠಾ ನದಿಯ ಮೀನುಗಳಿಂದಲೇ ಗುರುತಿಸಿ 1839ರಲ್ಲಿ ವಿವರಿಸಿದ. ಶಾಸ್ತ್ರೀಯ ಹೆಸರು ಟಾರ್ ಖುದ್ರೀ. ಲೋನಾವಳಾದಲ್ಲಿ ಟಾಟಾ ಸಂಸ್ಥೆಯವರು 1970ರ ದಶಕದಿಂದ ಇದರ ಮರಿಗಳನ್ನು ಬೆಳೆಸಿ ಬೇರೆ ಬೇರೆ ಜಲಾಶಯಗಳಿಗೆ ಕೊಡುತ್ತ ಬಂದಿದ್ದಾರೆ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಮೇಲೆತ್ತದೆಯೇ ಗಾಳ ಬಿಡಿಸಿ, ಅದು ತಾನಾಗಿ ಬಾಲ ಬೀಸಿ ಹೋಗುವವರೆಗೆ ಅಂಗೈಯಲ್ಲಿ ಆಧರಿಸಿ ಹಿಡಿದಿದ್ದೆ. ಒಣಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಸುಲಿದು, ಬಿಟ್ಟ ಮೀನಿಗೂ ಸೋಂಕು ತಗಲಬಹುದು. ಇದನ್ನು ಮಕ್ಕಳಿಗೆ ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ಸರಿ.

ತಿಲಾಪಿಯಾಗಳನ್ನು ಹೆಂಡತಿ ಖಾರ, ಅರಿಶಿನ, ಹುಣಸೆರಸ ಹಚ್ಚಿ ಬಾಣಲೆಯಲ್ಲಿ ಹುರಿದಳು. ಸುತ್ತ ಒಣಹುಲ್ಲಿರುವಾಗ ಸೌದೆ ಉರಿಸುವುದು ಅಪಾಯ. ಗ್ಯಾಸ್ ಒಲೆಯೇ ಸಾಕು. ಮೀನಿನ ಕರುಳನ್ನು ಗುಡಾರದಿಂದ ದೂರ ಆಳವಾಗಿ ಹೂತೆವು, ಕುಡಿಯುವ ನೀರನ್ನು ಊರಿನ ಬಾವಿಯಿಂದ ತಂದು ಕುದಿಸಿದೆವು. ರಾತ್ರಿ ಚಳಿ ಪುಣೆಗಿಂತ ಹೆಚ್ಚು. ಮಕ್ಕಳಿಗೆ ಟೊಪ್ಪಿಗೆ, ಕಾಲುಚೀಲ ಮರೆಯಬಾರದು.

ಮರಳಲು ಕೋಟೆ ಹತ್ತಬೇಕಾಗಿಲ್ಲ. ಭುತೋಂಡೆಯಿಂದ ಭೋರ್‌ಗೆ ಎಸ್‌ಟಿ (ಸರ್ಕಾರಿ ಸಾರಿಗೆ) ಬಸ್ಸುಗಳು ವಿರಳ, ಹಾಗಾಗಿ ಹಿಂದಿನ ಸಂಜೆಯೇ ಊರಿನಲ್ಲಿ ವೇಳೆ ಕೇಳಿಟ್ಟುಕೊಂಡು ಅದಕ್ಕೆ ತಕ್ಕಂತೆ ಗುಡಾರ ಬಿಚ್ಚಬೇಕು. ಭೋರ್ ಸೇರಿದರೆ ಪುಣೆಯ ಸ್ವಾರಗೇಟ್ ನಿಲ್ದಾಣಕ್ಕೆ ಬಸ್ಸುಗಳಿಗೆ ಕೊರತೆಯಿಲ್ಲ.