ನೆತ್ತಿಯ ಮೇಲೆ ಪ್ರೋಬ್: ಎಳೆಗೂಸುಗಳ ಮೆನಿಂಜೈಟಿಸ್‌ನಲ್ಲಿ ನನ್ನ ಅನುಭವ

"ಎಲ್‌ಪಿ ಇದೆ, ಕಲ್ಚರ್ ಇದೆ. ನೆತ್ತಿ ಸ್ಕ್ಯಾನ್ ಮಾಡಿ ಏನು ಸಿಗುತ್ತೆ ಡಾಕ್ಟ್ರೇ?" ಅಂತ ಕೇಳಿದವರೇ ಜಾಸ್ತಿ. ಈಗ ಅವರೇ ರಾತ್ರಿ ಫೋನ್ ಮಾಡಿ ಮಗು ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮೆನಿಂಜೈಟಿಸ್ ಅಂದರೆ ಮೆದುಳಿನ ಪೊರೆಯ ಸೋಂಕು. ಎಲ್‌ಪಿ ಅಂದರೆ ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ನೋಡುವುದು, ಕಲ್ಚರ್ ಅಂದರೆ ರೋಗಾಣು ಬೆಳೆಸಿ ಗುರುತಿಸುವುದು. ನೆತ್ತಿ ಸ್ಕ್ಯಾನ್ ಅಂದರೆ ಎಳೆಗೂಸಿನ ನೆತ್ತಿಯ ಮೆತ್ತನೆ ಜಾಗದ ಮೇಲೆ ಅಲ್ಟ್ರಾಸೌಂಡ್ ಮೆಷಿನ್‌ನ ಪ್ರೋಬ್ (ಕೈಯಲ್ಲಿ ಹಿಡಿಯುವ ಭಾಗ) ಇಟ್ಟು ಮೆದುಳು ನೋಡುವುದು.

ಮೊದಲ ವರ್ಷ ಬರೀ ಸೋಲು. ನಮ್ಮಲ್ಲಿ ಇದ್ದದ್ದು ಹೊಟ್ಟೆ ನೋಡುವ ದೊಡ್ಡ ಪ್ರೋಬ್. ಅದು ಎಳೆ ನೆತ್ತಿಯ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಹನ್ನೆರಡು ದಿನದ ಒಂದು ಗಂಡು ಮಗು, ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು. ಬಂದ ದಿನ ನೋಡಿ 'ನಾರ್ಮಲ್' ಅಂತ ಬರೆದೆ. ಮತ್ತೆ ನೋಡಲೇ ಇಲ್ಲ. ವಾರ ಕಳೆದ ಮೇಲೆ ಟೇಪ್ ಹಿಡಿದಿದ್ದ ಸಿಸ್ಟರ್, "ಸರ್, ತಲೆ ಎರಡು ಸೆಂಟಿಮೀಟರ್ ಜಾಸ್ತಿ ಆಗಿದೆ" ಅಂದರು. ಸ್ಕ್ಯಾನ್ ಮಾಡಿದರೆ ಎರಡೂ ಕಡೆಯ ವೆಂಟ್ರಿಕಲ್ (ಮೆದುಳಿನೊಳಗಿನ ನೀರಿನ ಕೋಣೆ) ಊದಿದ್ದವು. ಒಳಗೆ ಒಡೆದ ಹಾಲಿನ ಹಾಗೆ ಚೂರುಗಳು ತೇಲುತ್ತಿದ್ದವು. ಆ ಮಗುವಿಗೆ ಶಂಟ್ (ಮೆದುಳಿನ ಹೆಚ್ಚಿನ ನೀರು ಹರಿಸುವ ಕೊಳವೆ) ಹಾಕಬೇಕಾಯಿತು.

ಅಲ್ಲಿಂದ ಕ್ರಮ ಬದಲಾಯಿಸಿದೆ. ದಾಖಲಾದ ದಿನ ಒಂದು ಸ್ಕ್ಯಾನ್, ಆಮೇಲೆ ವಾರಕ್ಕೆ ಎರಡು. ಜ್ವರ ಇಳಿಯದಿದ್ದರೆ, ಫಿಟ್ಸ್ ಬಂದರೆ, ತಲೆ ಸುತ್ತಳತೆ ಏರಿದರೆ ಅವತ್ತೇ. ವೆಂಟ್ರಿಕಲ್‌ನ ಅಗಲಕ್ಕಿಂತ ಮೊದಲು ಅದರ ಗೋಡೆ ನೋಡುತ್ತೇನೆ. ಗೋಡೆ ದಪ್ಪಗೆ, ಬೆಳ್ಳಗೆ, ಒರಟಾಗಿ ಕಂಡರೆ ವೆಂಟ್ರಿಕ್ಯುಲೈಟಿಸ್, ಅಂದರೆ ಸೋಂಕು ವೆಂಟ್ರಿಕಲ್‌ಗೂ ಹರಡಿದೆ ಅಂತಲೇ ಹಿಡಿಯುತ್ತೇನೆ. ಆಗ 21 ದಿನಕ್ಕೆ ಆಂಟಿಬಯೋಟಿಕ್ ನಿಲ್ಲಿಸುವ ಮಾತೇ ಇಲ್ಲ. ಸಲ್ಕಸ್ (ಮೆದುಳಿನ ಮಡಿಕೆಗಳ ನಡುವಿನ ಸಂದು) ಸೋಂಕಿನಿಂದ ಬೆಳ್ಳಗಿದೆ ಅಂತ ಮೊದಮೊದಲು ಸಿಕ್ಕ ಮಕ್ಕಳಿಗೆಲ್ಲ ಬರೆದಿದ್ದೆ. ಗೇನ್ (ಚಿತ್ರದ ಹೊಳಪು ಹೆಚ್ಚಿಸುವ ಸೆಟ್ಟಿಂಗ್) ಜಾಸ್ತಿ ಇಟ್ಟಿದ್ದೆ, ಅಷ್ಟೇ. ಈಗ ಎಲ್ಲ ಮಕ್ಕಳಿಗೂ ಒಂದೇ ಸೆಟ್ಟಿಂಗ್. ಸ್ಕ್ಯಾನ್ ನಾರ್ಮಲ್ ಅಂತ ಎಲ್‌ಪಿ ಬಿಟ್ಟದ್ದು ಮಾತ್ರ ಒಮ್ಮೆಯೂ ಇಲ್ಲ.

ಖರ್ಚು? ಸೆಕೆಂಡ್ ಹ್ಯಾಂಡ್ ಸಣ್ಣ ಪ್ರೋಬ್‌ಗೆ ಒಂದೂವರೆ ಲಕ್ಷದ ಹತ್ತಿರ. ಮೆದುಳಿನ ಮೇಲ್ಭಾಗ ನೋಡಲು ಲೀನಿಯರ್ ಪ್ರೋಬ್‌ಗೆ ಇನ್ನೊಂದು ಲಕ್ಷ ಚಿಲ್ಲರೆ. ಎಳೆಗೂಸಿನ ತಲೆಗೆ ಮಾತ್ರ ಅಂದರೂ ಮೆಷಿನ್‌ಗೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿ ಬೇಕೇ ಬೇಕು. ಅದಕ್ಕೆ ಮೂರು ತಿಂಗಳು ಓಡಾಡಿದೆ. ಎಂಆರ್‌ಐಗೆ ಹುಬ್ಬಳ್ಳಿಗೆ ಕಳಿಸಿದರೆ ಸ್ಕ್ಯಾನ್, ಆಂಬುಲೆನ್ಸ್ ಸೇರಿ ಮನೆಯವರಿಗೆ ಹತ್ತು ಸಾವಿರ ದಾಟುತ್ತಿತ್ತು. ಮೊದಲು ಎಲ್ಲರನ್ನೂ ಕಳಿಸುತ್ತಿದ್ದೆ. ಈಗ ನಾಲ್ಕರಲ್ಲಿ ಒಂದು ಮಗು. ಕಲ್ಚರ್‌ನಲ್ಲಿ ಸಿಟ್ರೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಬಂದರೆ, ಕೀವುಗಡ್ಡೆಯ ಅನುಮಾನ ಇದ್ದರೆ ತಡ ಮಾಡುವುದಿಲ್ಲ. ಹೊಟ್ಟೆ ತುಂಬ ಹಾಲು ಕುಡಿಸಿ, ಬಿಗಿಯಾಗಿ ಬಟ್ಟೆ ಸುತ್ತಿ ಕಳಿಸಿ ನೋಡಿದೆ. ಹೆಚ್ಚಿನ ಮಕ್ಕಳು ಮಂಪರಿನ ಔಷಧಿ ಇಲ್ಲದೆ ನಿದ್ದೆಯಲ್ಲೇ ಎಂಆರ್‌ಐ ಮುಗಿಸಿವೆ.

ಜೆಲ್ ವಿಷಯ ಚಿಕ್ಕದಲ್ಲ. ತಣ್ಣನೆ ಜೆಲ್ ಹಾಕಿ ಒಂದೂಕಾಲು ಕೆಜಿ ಮಗುವಿನ ಮೈ ತಣ್ಣಗಾಗಿತ್ತು. ಈಗ ಬೆಚ್ಚಗೆ ಮಾಡಿದ ಸ್ಟೆರೈಲ್ ಸ್ಯಾಶೆ, ಒಂದು ಮಗುವಿಗೆ ಒಂದು. ಎಲ್ಲರಿಗೂ ಒಂದೇ ಬಾಟಲಿ ಅಂದರೆ ಸೋಂಕನ್ನು ನಾವೇ ಹಂಚಿದ ಹಾಗೆ, ಅಲ್ವಾ?

ಕಿವಿಯ ಹಿಂದಿನ ಕಿಟಕಿಯಿಂದಲೂ (ಮೂಳೆಗಳ ನಡುವಿನ ಮೆತ್ತನೆ ಜಾಗ) ನೋಡಲು ಕಲಿತೆ. ಚಿಕ್ಕ ಮೆದುಳು, ನಾಲ್ಕನೇ ವೆಂಟ್ರಿಕಲ್ ಅಲ್ಲಿ ಚೆನ್ನಾಗಿ ಕಾಣುತ್ತವೆ. ಕೈ ತಿರುಗಿಸುವ ಆ ಕೋನವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಂದು ಪಕ್ಕದಲ್ಲಿ ನಿಂತವರಿಗೆ ತೋರಿಸುತ್ತೇನೆ.

ಹೋದ ವರ್ಷ ಒಂದು ಹೆಣ್ಣು ಮಗುವಿಗೆ ಒಂಬತ್ತನೇ ದಿನ ವೆಂಟ್ರಿಕಲ್‌ನ ಗೋಡೆ ದಪ್ಪಗಾಗಿದ್ದು ಕಂಡಿತು. ತಲೆ ಇನ್ನೂ ಒಂದು ಮಿಲಿಮೀಟರ್ ಕೂಡ ಏರಿರಲಿಲ್ಲ. ಔಷಧಿ ಆರು ವಾರ ನಡೆಸಿದೆವು. ಶಂಟ್ ಬೇಕಾಗಲಿಲ್ಲ. ಬೆರಾ ಅನ್ನುವ ಶ್ರವಣ ಟೆಸ್ಟಿನಲ್ಲಿ ಎರಡೂ ಕಿವಿ ಸರಿ ಇವೆ. ಮೊನ್ನೆ ಬಂದಾಗ ನನ್ನ ಮೇಜು ಹಿಡಿದುಕೊಂಡು ನಿಂತಿದ್ದಳು.